ತನ್ನದೇ ತಪ್ಪಂತೆ

ನನ್ನ ಸೊಸೆ ಕಾಲು ಜಾರಿ ಬೀಳಲಿಲ್ಲ. ಕಟ್ಟಡದ ಗೋಡೆಗೆ ಕಟ್ಟಿದ್ದ ಕೊಳೆತ ಬಿದಿರಿನ ಪರಾಂಚಿಯ ಮೇಲೆ, ಕೂಲಿಗೆ ಹಚ್ಚಿದ ಮುಕಾದಮ ಅವಳನ್ನು ಹತ್ತಿಸಿದ, ಅದು ಮುರಿಯಿತು, ಅವಳ ಸೊಂಟವೂ ಮುರಿಯಿತು.

ಪರಿಹಾರದ ಅರ್ಜಿ ಆನ್‌ಲೈನಿನಲ್ಲೇ ತುಂಬಬೇಕೆಂದರು. ಮುಲುಂಡ್ ಸ್ಟೇಷನ್ ಹೊರಗೆ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಉಡುಪಿ ಕಡೆಯವನ ಹತ್ತಿರ ಅವಳು ಎದ್ದು ಕೂರುವಂತಾದ ಮೇಲೆ ರಿಕ್ಷಾದಲ್ಲಿ ಕರೆದೊಯ್ದೆ. ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ ತಾನು ನಿಂತೇ ಟೈಪ್ ಮಾಡಿದ. ಒಂದೊಂದು ಖಾನೆ ತುಂಬಿದಾಗಲೂ ಕನ್ನಡಕ ಹಣೆಗೇರಿಸಿ, "ಫಾರ್ಮ್ ಮುಂದೆ ಹೋಗ್ಬೇಕಲ್ಲ ಅಜ್ಜಿ" ಅನ್ನುತ್ತಿದ್ದ.

"ಹೇಗೆ ಬಿದ್ದದ್ದಮ್ಮ?" ಎಂದು ಅವಳನ್ನು ಕೇಳಿದ.

ಯಾರು ಕೇಳಿದರೂ ನಮ್ಮ ಹೆಂಗಸರು ಹೇಳುವುದನ್ನೇ ಇವಳೂ ಹೇಳಿದಳು. "ಏನ್ ಹೇಳ್ಲಿ ಅಣ್ಣಾರ, ನನ್ನ ನಸೀಬಾನ ಖೊಟ್ಟಿ."

ಅವನು ಟಕಟಕ ಒತ್ತಿದ.

"ಏನ್ ಬರದಿ? ಓದು" ಎಂದೆ.

"ತನ್ನದೇ ತಪ್ಪಿನಿಂದ ಬಿದ್ದಳು ಅಂತ. ನಸೀಬಕ್ಕೆ ಇಲ್ಲಿ ಖಾನೆ ಇಲ್ಲ. ಫಾರ್ಮ್ ಮುಂದೆ ಹೋಗ್ಬೇಕಲ್ಲ ಅಜ್ಜಿ."

"ಎಲ್ಲಿಗೆ ಹೋಗ್ತೈತಿ? ಹಿಂಗ ಬರದ್ರ ಮುಕಾದಮನ ಕುಂಡಿ ತೊಳ್ಯಾಕ ಹೋಗ್ತೈತಿ. ಅಳಸು!"

ಅಳಿಸಿದ. "ಪರಾಂಚಿ ಮುರಿದದ್ದು ಅಂತ ಹಾಕಿದ್ರೆ ನೋಡಿದವರ ಹೆಸರು ಬೇಕು. ಕೂಲಿ ಬಿಟ್ಟು ಯಾರು ಬರ್ತಾರೆ?" ಎಂದ.

ಮರುದಿನ ಬೆಳಿಗ್ಗೆ ಕೂಲಿಯವರು ನಿಲ್ಲುವ ನಾಕಾಕ್ಕೆ ಹೋದೆ. ಆ ದಿನ ಅದೇ ಪರಾಂಚಿಯ ಕೆಳಗೆ ಸಿಮೆಂಟು ಹೊರುತ್ತಿದ್ದ ಇಬ್ಬರು ಹೆಂಗಸರನ್ನು ಕೈಹಿಡಿದು ಎಬ್ಬಿಸಿ, ಶಟರ್ ಏಳುವ ಮೊದಲೇ ಅವನ ಅಂಗಡಿಯ ಮೆಟ್ಟಿಲ ಮೇಲೆ ತಂದು ಕೂರಿಸಿದೆ.