ಡಿಪೋ ಮಾವನ ಸೌದೆ ಮೆಷಿನ್ನು

ಅವರ ಎಡಗೈ ತೋರುಬೆರಳು ಮೊದಲ ಗೆಣ್ಣಿಗೇ ಮುಗಿದುಹೋಗಿತ್ತು. ಅದರ ತುದಿ ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ನುಣುಪು. ಎಡಗೈ ಎಂದು ಬರೆದೆ. ಸದಾ ಎದುರು ನಿಂತು ನೋಡಿದವಳು ನಾನು, ಬಲಗೈಯೂ ಇರಬಹುದು. ಇದರಲ್ಲೇ ತಪ್ಪುವ ನೆನಪನ್ನು ಉಳಿದದ್ದಕ್ಕೆ ಎಷ್ಟು ನಂಬಬೇಕೋ ತಿಳಿಯದು.

ಕೆಂಗೇರಿಯಲ್ಲಿ ನಮ್ಮ ಪಕ್ಕದ ಸೌದೆ ಡಿಪೋ ಅವರದು. ನಮಗೆ ಸಂಬಂಧಿಕರಲ್ಲ, ಆದರೂ ಬೀದಿಯ ಮಕ್ಕಳಿಗೆಲ್ಲ ಮಾವ. ಛತ್ರಗಳಿಗೆ ಸೌದೆ ಹಾಕುತ್ತಿದ್ದರು. ಕೊಡಲಿ ಎತ್ತಿ ಎತ್ತಿ ಭುಜ ಸೋತ ಮೇಲೆ ಸೌದೆ ಸೀಳುವ ಮೆಷಿನ್ನನ್ನು ತಾವೇ ಮಾಡಲು ಹೊರಟರು. ನಕ್ಷೆ ಬರೆದದ್ದು ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ. ಗುಜರಿಯಿಂದ ಟಿಪ್ಪರ್ ಲಾರಿಯ ಹೈಡ್ರಾಲಿಕ್ ಜಾಕ್ ಬಂತು, ಕಬ್ಬಿಣದ ತೊಲೆ ಬಂತು. ತೊಲೆಯ ಒಂದು ತುದಿಗೆ ದಪ್ಪ ತಗಡು, ಇನ್ನೊಂದು ಕಡೆಯಿಂದ ಜಾಕ್ ತಳ್ಳುವ ಬೆಣೆ, ನಡುವೆ ದಿಮ್ಮಿ. ಮೋಟರಿನ ವೈರಿಂಗ್ ನನ್ನ ಚಿಕ್ಕಪ್ಪನದು.

"ಲೋ, ನಿನ್ ಮೋಟ್ರು ಬರೀ ಕೂಗುತ್ತೆ ಕಣೋ, ಕೆಲ್ಸ ಮಾಡಲ್ಲ. ನಿನ್ ಥರಾನೇ" ಎಂದರು ಮಾವ.

"ಎಣ್ಣೆ ಹಾಕಣ್ಣ, ಮಾಡುತ್ತೆ. ಅದೂ ನನ್ ಥರಾನೇ."

ಬೆಣೆಯನ್ನು ಮುಂದಕ್ಕೆ ಬಿಡುವ ಲಿವರನ್ನು ಮಾತ್ರ ಅದರಿಂದ ದೂರ ಕೂರಿಸಿದರು. ಏಕೆಂದು ಕೇಳಿದ್ದಕ್ಕೆ ತೋಳು ಚಾಚಿ ತೋರಿಸಿದರು. "ಎರಡು ಕೈ ಚಾಚಿದ್ರೆ ಒಂದು ಮಾರು ಕಣಮ್ಮ. ಅದಕ್ಕೇ ಒಂದೂವರೆ ಮಾರು ಇಟ್ಟಿದೀನಿ. ಎಳೆಯೋನ ಕೈ ಬೆಣೆ ಹತ್ರ ಹೋಗ್ಲೇಬಾರ್ದು."

ನನಗೆ ಮೊದಲ ದಿನದಿಂದಲೂ ಅದರ ಭಯ. ಕೊಡಲಿಗೆ ಸಿಟ್ಟಾದರೂ ಇರುತ್ತದೆ, ಇದಕ್ಕೆ ಅದೂ ಇಲ್ಲ. ಬೆಣೆ ಅವಸರವಿಲ್ಲದೆ ಬರುತ್ತಿತ್ತು. ನೀಲಗಿರಿ ದಿಮ್ಮಿ ತುಸು ಹೊತ್ತು ತಡೆದು, ಮುಲುಗಿ, ಬಾಯಿ ಬಿಡುತ್ತಿತ್ತು. ಜ್ಞಾನಭಾರತಿಯಲ್ಲಿ ಎಂ.ಎ. ತರಗತಿಯಲ್ಲಿ ಕೂತಿದ್ದಾಗಲೂ ಅದು ಬರುತ್ತಲೇ ಇದೆ ಅನಿಸುತ್ತಿತ್ತು.

ಆಯುಧಪೂಜೆ ಬಂತು. ಮೆಷಿನ್ನಿಗೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ವಾಹನವಾದರೆ ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಚಕ್ರವಿಲ್ಲದ ಇದಕ್ಕೆ ಬೆಣೆಯ ಬಾಯಿಗೇ ಇಡೋಣವೆಂದು ತೀರ್ಮಾನವಾಯಿತು. ಬೆಣೆಯನ್ನು ತಗಡಿನ ಹತ್ತಿರಕ್ಕೆ, ಗೇಣು ಜಾಗವೂ ಉಳಿಯದಷ್ಟು ತಂದು ನಿಲ್ಲಿಸಿದ್ದರು. ಮೋಟರ್ ಓಡುತ್ತಿತ್ತು. ಅಲ್ಲಿದ್ದದ್ದು ಮೂವರೇ: ಮಾವ, ಚಿಕ್ಕಪ್ಪ, ನಾನು. ನಮ್ಮಿಬ್ಬರಲ್ಲಿ ಒಬ್ಬರು ಲಿವರಿನ ಬಳಿ, ಒಬ್ಬರು ಹಣ್ಣಿನ ಬಳಿ. ಹಣ್ಣು ಉರುಳಿತು. ಸರಿಮಾಡಲು ಬಗ್ಗಿದವರನ್ನು ತಡೆದು, ನೀನು ಬಿಡು, ನಾನಿಡುತ್ತೇನೆ ಎಂಬಂತೆ ಮಾವ ತಾವೇ ಕೈ ಹಾಕಿದರು. ಆದರೆ ಬಾಯಲ್ಲಿ ಅಂದದ್ದು ಒಂದೇ ಮಾತು, ನನಗೆ ಕೇಳಿಸಿದ್ದು ‘ಬಿಡು’ ಎಂದಷ್ಟೇ. ಲಿವರ್ ಹಿಡಿದವರಿಗೆ ಅದು ಬೆಣೆಯನ್ನು ಬಿಡು ಎಂದು ಕೇಳಿಸಿತು.

ಮಾವ ಕಿರುಚಲಿಲ್ಲ. "ಹಿಂದಕ್ಕೆ, ಹಿಂದಕ್ಕೆ, ಇನ್ನೂ ಹಿಂದಕ್ಕೆ" ಎಂದರು, ಲಾರಿ ರಿವರ್ಸ್ ತೆಗೆಸುವವರ ಹಾಗೆ.

ಆಸ್ಪತ್ರೆಯಲ್ಲಿ, ಮನೆಯಲ್ಲಿ, ಬೀದಿಯಲ್ಲಿ ಅವರದು ಒಂದೇ ಉತ್ತರ: "ನಾನೇ ಎಳ್ಕೊಂಡೆ." ಒಂದೂವರೆ ಮಾರು ದೂರದ ಲಿವರನ್ನು ಹೇಗೆ ಎಳೆದಿರಿ ಎಂದು ಯಾರೂ ಕೇಳಲಿಲ್ಲ. ನೋಡಲು ಹೋದಾಗ ನನಗೆ ಹೇಳಿದ್ದು: "ಉಗುರು ಕತ್ತರಿಸೋ ಕೆಲ್ಸ ಒಂದು ಕಮ್ಮಿ ಆಯ್ತು. ಅಳಬೇಡಮ್ಮ. ಹೋಗಮ್ಮ, ಓದ್ಕೋ." ಮತ್ತೆಂದೂ ಆ ಮಾತು ಎತ್ತಲಿಲ್ಲ.

ನನ್ನ ನೆನಪಿನಲ್ಲಿ ಹಣ್ಣಿಗೆ ಬಗ್ಗಿದವಳು ನಾನೇ. ಬೆರಳಿಗೆ ಕುಂಕುಮ ಅಂಟಿತ್ತು. ಆದರೆ ಲಿವರಿನ ತಣ್ಣನೆಯ ಹಿಡಿಯೂ ಅಂಗೈಗೆ ನೆನಪಿದೆ. ಎರಡರಲ್ಲಿ ಯಾವುದನ್ನು ಆಮೇಲೆ ಕಟ್ಟಿಕೊಂಡೆನೋ. ಮಿಕ್ಸಿ ಹಾಕುವ ಮುನ್ನ ಈಗಲೂ ಮಗಳ ಕೈ ಎಲ್ಲಿದೆಯೆಂದು ಎರಡು ಸಲ ನೋಡುತ್ತೇನೆ.

ಹೋದ ತಿಂಗಳು ಮಾವ ತೀರಿಕೊಂಡರು. ನಮ್ಮಿಬ್ಬರಲ್ಲಿ ಒಬ್ಬರಿಗಾಗಿ ಅಷ್ಟು ವರ್ಷ ಸುಳ್ಳು ಹೇಳಿದವರು. ‘ಅಮ್ಮ’ ಸೇರಿಸದೆ ನನ್ನೊಡನೆ ಮಾತಾಡಿದವರಲ್ಲ. ಚಿಕ್ಕಪ್ಪನಿಗಾದರೆ ಎಲ್ಲದಕ್ಕೂ ‘ಕಣೋ’, ‘ಬಾರೋ’. ಅಂದು ‘ಬಿಡು’ ಎಂದ ಅವರ ಮಾತಿನ ಕೊನೆ ಮೋಟರಿನ ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ. ಆ ಕೊನೆ ಗೊತ್ತಾದರೆ ಬಗ್ಗಿದವರು ಯಾರೆಂದು ಗೊತ್ತಾಗುತ್ತದೆ. ಬಗ್ಗದವರೇ ಲಿವರ್ ಎಳೆದವರು.

ತಿಥಿ ಊಟ ಮುಗಿಸಿ ಮೆಟ್ರೋ ಸ್ಟೇಷನ್ನಿಗೆ ನಡೆಯುವಾಗ ಚಿಕ್ಕಪ್ಪನನ್ನು ಕೇಳಿದೆ. ಅವರು ಜೇಬಿನಲ್ಲಿ ಕಾರ್ಡು ಹುಡುಕತೊಡಗಿದರು. ಎರಡು ವಾರವಾಯಿತು, ಫೋನೂ ಮಾಡಿಲ್ಲ. ಯಾವ ಉತ್ತರ ಬಂದರೂ ನನಗೆ ಭಯವೇ. ಕೇಳಿದ್ದು ಇಷ್ಟೇ:

"ಚಿಕ್ಕಪ್ಪ, ಅವತ್ತು ಮಾವ ಅಂದಿದ್ದು ‘ಬಿಡೋ’ ಅಂತಾನಾ, ‘ಬಿಡಮ್ಮ’ ಅಂತಾನಾ?"