ಕಣ ಮಾಡದ ಕಣ್ಣು

ಶೆಟ್ಟಿಹಳ್ಳಿಯಲ್ಲಿ ಈಗ ನಮ್ಮ ಅಪಾರ್ಟ್‌ಮೆಂಟು ಎದ್ದಿರುವ ಜಾಗದಲ್ಲಿ ಮೊದಲು ರಾಗಿ ಒಕ್ಕುವ ಕಣವಿತ್ತು. ಹೊಲದ ನಡುವೆ ದುಂಡಗೆ ಹುಲ್ಲು ಕೆತ್ತಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಿ, ಸಗಣಿ ಬಗ್ಗಡದಲ್ಲಿ ಸಾರಿಸುತ್ತಿದ್ದೆವು. ಒಂದು ಗರಿಕೆ ಬೇರು ಒಳಗೆ ನುಸುಳಿದರೂ ನಮ್ಮತ್ತೆ ಬಿಡುತ್ತಿರಲಿಲ್ಲ. "ಕಣ ಅಂದ್ರೆ ಕಣ್ಣಿನಂಗಿರ್ಬೇಕು ಕಣೇ," ಎನ್ನುತ್ತಿದ್ದರು.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಆ ಮಾತಿನ ಅರ್ಥ ಹೊಳೆದದ್ದು ಮೊನ್ನೆ, ಹೆಬ್ಬಾಳದ ಕಣ್ಣಾಸ್ಪತ್ರೆಯಲ್ಲಿ.

ಮಗಳ ಮಗಳಿಗೆ ಆರು ವರ್ಷ. ಕೈಗೂಸಾಗಿದ್ದಾಗಿನಿಂದ ಅವಳ ಕಣ್ಣುಗುಡ್ಡೆಗಳು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತವೆ. ಏನನ್ನು ನೋಡಬೇಕಾದರೂ ಕತ್ತು ಎಡಕ್ಕೆ ಹೊರಳಿಸಿ ಓರೆಯಾಗಿ ನೋಡುತ್ತಾಳೆ. ಕನ್ನಡಕ ಹಾಕಿದರೂ ಬೋರ್ಡಿನ ಅಕ್ಷರ ಕಾಣದು. ಮನೆಗೆ ಬಂದವರೆಲ್ಲ "ನೆಟ್ಟಗೆ ನೋಡು" ಎಂದು ಗಲ್ಲ ಹಿಡಿದು ತಿರುಗಿಸುವವರೇ. ಇರುವ ದೃಷ್ಟಿಯೂ ಹೋಗಿಬಿಡುತ್ತದೆ ಎಂದು ಯಾರೋ ಅಂದ ಮೇಲೆ ನನಗೂ ಮಗಳಿಗೂ ಅನ್ನ ಸೇರುತ್ತಿರಲಿಲ್ಲ. ಕಣ್ಣಿನ ಹಿಂಭಾಗದ ರಕ್ತನಾಳಗಳ ಫೋಟೋ ತೆಗೆದರೆ ತಿಳಿಯುತ್ತದೆ ಎಂದರು ಡಾಕ್ಟರಮ್ಮ.

ಕಣ್ಣು ನಿಂತರೆ ತಾನೇ ಫೋಟೋ? ಮಗು ಮಿಷನ್ನಿಗೆ ಗದ್ದ ಇಟ್ಟು ಕೂತರೂ ಚಿತ್ರ ಕದಡಿದ ನೀರಿನ ಹಾಗೆ ಬರುತ್ತಿತ್ತು.

"ನೆಟ್ಟಗೆ ನೋಡವ್ವಾ," ಎಂದೆ ನಾನು.

ಫೋಟೋ ತೆಗೆಯುವ ಹುಡುಗಿ ನಕ್ಕಳು. "ಬೇಡ ಅಜ್ಜಿ. ಪುಟ್ಟಿ, ಮನೇಲಿ ಟೀವಿ ಹೆಂಗ್ ನೋಡ್ತೀಯೋ ಹಂಗೇ ನೋಡು."

ಮಗು ಕತ್ತು ಓರೆ ಮಾಡಿತು. ತೊಟ್ಟಿಲು ನಿಂತಿತು. ಫೋಟೋ ಬಂತು.

ಹೋಲಿಸಿ ತೋರಿಸಲೆಂದು, ಪೊರೆ ತೆಗೆಸಿಕೊಂಡ ನನ್ನ ಕಣ್ಣಿನದನ್ನೂ ತೆಗೆದರು. ಡಾಕ್ಟರಮ್ಮನ ಕಂಪ್ಯೂಟರಿನಲ್ಲಿ ಎರಡೂ ಪಕ್ಕಪಕ್ಕ. ನನ್ನದರಲ್ಲಿ ಬೇರಿನಂಥ ನಾಳಗಳು ಸುತ್ತಲಿಂದ ಬಂದು, ನಟ್ಟನಡುವೆ ದುಂಡನೆಯ ಜಾಗ ಬಿಟ್ಟು ನಿಂತಿದ್ದವು. ಸಾರಿಸಿಟ್ಟ ಕಣವೇ. ಅವಳದರಲ್ಲಿ ನಡುವೆಯೂ ಬೇರು ಹಬ್ಬಿತ್ತು.

"ಇವಳ ಕಣ್ಣು ಕಣಾನೇ ಮಾಡಿಲ್ವಲ್ಲ ಡಾಕ್ಟರಮ್ಮ," ಎಂದೆ.

"ಸರಿಯಾಗೇ ಹೇಳಿದ್ರಿ. ಅಲ್ಲೊಂದು ಪುಟ್ಟ ಗುಳಿ ಆಗ್ಬೇಕಿತ್ತು. ಸಣ್ಣ ಅಕ್ಷರ ಕಾಣೋದು ಅಲ್ಲಿಂದ. ಇವಳಿಗೆ ಅದು ಪೂರ್ತಿ ಬೆಳೀಲಿಲ್ಲ."

ಮಗಳು ಕಣ್ಣೊರೆಸಿಕೊಂಡು ಕೇಳಿದಳು. "ಇರೋದೂ ಹೋಗುತ್ತಾ ಮೇಡಂ?"

"ಇಲ್ಲಮ್ಮ. ಇದು ಹುಟ್ಟಿನಿಂದ ಬಂದದ್ದು, ಬರ್ತಾ ಬರ್ತಾ ಜಾಸ್ತಿ ಆಗೋದಲ್ಲ. ಮುಂದಿನ ಬೆಂಚು, ದಪ್ಪ ಅಕ್ಷರದ ಪುಸ್ತಕ ಕೊಡ್ಸಿ, ಓದ್ತಾಳೆ. ಕತ್ತು ಮಾತ್ರ ತಿರುಗಿಸೋಕೆ ಹೋಗ್ಬೇಡಿ. ಅವಳಿಗೆ ಚೆನ್ನಾಗಿ ಕಾಣೋದೇ ಹಂಗೆ."

ಮಗು ಪರದೆಗೆ ಮೂಗು ತಾಗಿಸಿ ಎರಡೂ ಚಿತ್ರ ನೋಡಿತು. "ಅಜ್ಜಿ, ತೂತಿರೋದು ನಿನ್ ಕಣ್ಣಲ್ಲಿ. ನಂದು ಫುಲ್ಲು."

ಅಳುತ್ತಿದ್ದ ಮಗಳೂ ನಕ್ಕುಬಿಟ್ಟಳು. ಬಸ್ಸು ಗೊರಗುಂಟೆಪಾಳ್ಯ ದಾಟುವವರೆಗೂ ನಾನು ಪಕ್ಕದ ಸೀಟಿನ ಹೆಂಗಸಿಗೆ, ಕಂಡಕ್ಟರಿಗೆ, ಕೇಳದವರಿಗೂ ಮಗುವಿನ ಈ ಮಾತನ್ನೇ ಹೇಳಿದೆ.

ರಾಗಿ ತೆನೆಯ ಮೇಲೆ ಉರುಳಿಸುತ್ತಿದ್ದ ಗುಂಡುಕಲ್ಲು ಈಗಲೂ ನಮ್ಮ ಗೇಟಿನ ಪಕ್ಕ ಬಿದ್ದಿದೆ. ಸಂಜೆ ಅವಳನ್ನು ಅದರ ಮೇಲೆ ಕೂರಿಸಿ ಕಣದ ಕಥೆ ಹೇಳುತ್ತಿದ್ದೆ. ಆಗ ಬಂದ ನನ್ನ ಮೈದುನ ಎಂದಿನಂತೆ ಅವಳ ಗಲ್ಲಕ್ಕೆ ಕೈ ಚಾಚಿದ.

ಅವನ ಕೈ ಹಿಡಿದೆ. "ಬಿಡಪ್ಪಾ. ನನ್ ಮೊಮ್ಮಗಳು ನೋಡೋದೇ ಇಂಗೆ."

ಅವಳು ಕತ್ತು ಓರೆ ಮಾಡಿ ನನ್ನ ಮುಖವನ್ನೇ ನೋಡುತ್ತಿದ್ದಳು.