ನಿಂಗಮ್ಮ ಹಿಡಿದು ಕೂತ ಸೀಟು

ನಿಂಗಮ್ಮನಿಗೆ ಒಂದು ವಾರದ ಸಂಬಳ ಇನ್ನೂ ಬರಬೇಕು. ಆ ಸಂಬಳದ ಬದಲಿಗೆ ಆರು ಸಫಾರಿ ತೋರಿಸುತ್ತೇವೆ ಎಂದಿದ್ದರು. ಅದರಲ್ಲಿ ಐದು ಬಾಕಿ. ಸಿಕ್ಕಿದ್ದು ಒಂದು, ಅದನ್ನೂ ಯಾರೂ ಕೊಡಲಿಲ್ಲ, ಅವಳೇ ಕಿತ್ತುಕೊಂಡಳು. ಡಿ.ಸಿ. ಆಫೀಸಿನ ಮುಂದೆ, ಗಿರಣಿಯ ಗೇಟಿನ ಮುಂದೆ ನಾನೂ ಬೇಕಾದಷ್ಟು ಧರಣಿ ಕೂತವನು. ಸಿಂಹದ ಕಾಡಿನಲ್ಲಿ ಧರಣಿ ಕೂತವಳ ಕತೆ ಕೇಳಿದ್ದು ಇದೇ ಮೊದಲು.

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಪಾರ್ಸಿಪನಿಯ ಕನ್ನಡದ ಮನೆಗಳಲ್ಲಿ ನಿಂಗಮ್ಮ ಎಂದರೆ ಮಕ್ಕಳನ್ನು ನೋಡಿಕೊಳ್ಳುವ ಆಂಟಿ. ಐವತ್ತೇಳು ವರ್ಷ. ಕುಳ್ಳಗಿನ ಗಟ್ಟಿ ಆಳು. ಯಾವುದೋ ಐಟಿ ಕಂಪನಿ ಪುಕ್ಕಟೆ ಹಂಚಿದ ಹುಡ್ಡಿಯೊಂದು ಯಾವಾಗಲೂ ಮೈಮೇಲೆ. ಗಂಡ ನ್ಯೂಯಾರ್ಕ್ ಕಡೆ ಬೆಲ್‌ರೋಸಿನ ಹಿಲ್‌ಸೈಡ್ ಅವೆನ್ಯೂದಲ್ಲಿ ಒಂದು ಹೋಟೆಲಿನ ದೋಸೆ ಹಂಚಿನ ಮುಂದೆ ನಿಲ್ಲುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಇಪ್ಪತ್ತು ವರ್ಷದಲ್ಲಿ ನಿಂಗಮ್ಮ ಪರರ ಹನ್ನೊಂದು ಮಕ್ಕಳ ಕುಂಡಿ ತೊಳೆದಿದ್ದಾಳೆ. ಹನ್ನೊಂದಕ್ಕೂ ಊಟ ಮಾಡಿಸಿದ್ದು ಒಂದೇ ಉಪಾಯದಿಂದ. ತುತ್ತು ಹಿಡಿದು ಬಗ್ಗಿ, ಕಣ್ಣು ಕೆಕ್ಕರಿಸಿ, "ಗರ್‌ರ್‌ರ್!" ಎನ್ನುತ್ತಾಳೆ. ಮಗು ಬಾಯಿ ತೆರೆಯುತ್ತದೆ, ತುತ್ತು ಒಳಗೆ. ಅವಳ ಸಿಂಹ ಪಾರ್ಸಿಪನಿಯಲ್ಲಿ ಹೆಸರುವಾಸಿ. ಮಕ್ಕಳ ಜೊತೆ ಕೂತು ಪ್ರಾಣಿಗಳ ವಿಡಿಯೋ ನೋಡಿ ನೋಡಿ, ಯಾವ ಹೆಜ್ಜೆ ಚಿರತೆಯದು, ಯಾವುದು ಕತ್ತೆಕಿರುಬನದು ಎಂಬುದೂ ಅವಳಿಗೆ ಗೊತ್ತು. ಜೀವಂತ ಸಿಂಹವನ್ನು ಬಯಲಲ್ಲಿ ಕಂಡವಳಲ್ಲ, ಅಷ್ಟೇ. ಕಾಣಬೇಕೆಂಬುದು ಅವಳಿಗೊಂದು ಹುಚ್ಚು.

ಹೋದ ವರ್ಷ ಅವಳು ನೋಡಿಕೊಳ್ಳುತ್ತಿದ್ದದ್ದು ಧ್ರುವ್ ಎಂಬ ಮೂರು ವರ್ಷದ ಹುಡುಗನನ್ನು. ತಾಯಿ ನಂದಿತಾ, ತಂದೆ ಅತುಲ್, ಇಬ್ಬರೂ ಸಾಫ್ಟ್‌ವೇರಿನವರು. ಏಪ್ರಿಲ್‌ನಲ್ಲಿ ಒಂದು ದಿನ ನಂದಿತಾ ಚಹಾ ಕೊಟ್ಟು ಕೂರಿಸಿದಳು.

"ಆಂಟಿ, ಆಗಸ್ಟ್‌ನಲ್ಲಿ ಸೌತ್ ಆಫ್ರಿಕಾ ಹೋಗ್ತಿದೀವಿ. ನೀವೂ ಬನ್ನಿ. ಟಿಕೆಟ್ಟು, ರೂಮು, ಊಟ ಎಲ್ಲಾ ನಮ್ದೇ. ಆರು ಗೇಮ್ ಡ್ರೈವ್ ಇದೆ, ಓಪನ್ ಜೀಪಲ್ಲಿ ಕಾಡು ಸುತ್ತಿಸ್ತಾರೆ. ಲಯನ್ ಗ್ಯಾರಂಟಿ!"

"ಖರೇನವಾ?"

"ಪ್ರಾಮಿಸ್. ಆದ್ರೆ ಆ ವಾರ ಪೇ ಅಂತ ಇಟ್ಕೋಬೇಡಿ ಆಂಟಿ. ನಮ್ಗೂ ವೆಕೇಷನ್, ನಿಮ್ಗೂ ವೆಕೇಷನ್. ನೀವು ನಮ್ಮನೆಯವ್ರೇ ತಾನೆ?"

ಮನೆಯವರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಜೇಬು ಮುಟ್ಟಿ ನೋಡಿಕೊಳ್ಳಬೇಕು. ನಿಂಗಮ್ಮ ಮುಟ್ಟಿಕೊಳ್ಳಲಿಲ್ಲ. ಅವಳ ತಲೆಯ ತುಂಬ ಸಿಂಹ.

ಪಾರ್ಕಿನ ಬೆಂಚಿನಲ್ಲಿ ಮಕ್ಕಳನ್ನು ಆಡಿಸುವ ಹೆಂಗಸರ ಒಂದು ಗುಂಪಿದೆ. ನಾನು ಅವರ ಪರಿಚಯ ಮಾಡಿಕೊಂಡದ್ದು ಸಂಬಳದ ಚೀಟಿ ಬರೆಸಿಕೊಳ್ಳಿ ಎಂದು ಹೇಳಲು ಹೋಗಿ. ನಿಂಗಮ್ಮ ಆಫ್ರಿಕಾ ಎಂದಾಗ ಕುಂದಾಪುರ ಕಡೆಯ ತಾರಿಣಿ ನಕ್ಕಳು.

"ಸಿಂಹ ಕಾಣ್ದೆ ಬಂದ್ರೆ ಈ ಬೆಂಚಿಗೆ ಬರ್ಬೇಡ ಮಾರಾಯ್ತಿ."

"ಕಂಡಽ ಬರತೀನಿ. ನಿನಗ ಅದರ ಮೀಸಿ ಎಣಿಸಿ ಹೇಳತೀನಿ, ತಡಿ."

ಆಗಸ್ಟ್ ಎಂದರೆ ಅಲ್ಲಿ ಚಳಿಗಾಲ. ಮರಗಳು ಬೋಳು, ಹುಲ್ಲು ಒಣಗಿ ಸಿಂಹದ ಬಣ್ಣಕ್ಕೆ ತಿರುಗಿರುತ್ತದೆ. ಕಾಡಿನ ನಡುವಿನ ಲಾಡ್ಜಿಗೆ ಮುಟ್ಟಿದ ದಿನ ಸಂಜೆಯೇ ಮೊದಲನೇ ಡ್ರೈವ್. ಮೂರು ಸಾಲು ಸೀಟಿನ, ಚಾವಣಿಯಿಲ್ಲದ ಗಾಡಿ ಬಂದು ನಿಂತಿತು. ನಡೆಸುವವಳು ನೊಮ್ಸಾ, ಮೂವತ್ತರ ಆಸುಪಾಸಿನ ಗೈಡು, ಮಾತು ಕಡಿಮೆ. ಬಾನೆಟ್ಟಿನ ಮುಂದಕ್ಕೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಕುರ್ಚಿಯಲ್ಲಿ ಹೆಜ್ಜೆ ನೋಡುವ ಒಬ್ಬ ಮುದುಕ. ನಿಂಗಮ್ಮ ಧ್ರುವ್‌ನನ್ನು ಸೊಂಟಕ್ಕೇರಿಸಿಕೊಂಡು ಎಲ್ಲರಿಗಿಂತ ಮೊದಲು ಹೋಗಿ ನಿಂತಳು.

ನೊಮ್ಸಾ ತಲೆಯಾಡಿಸಿದಳು. ಆರು ವರ್ಷದೊಳಗಿನ ಮಕ್ಕಳು ಗಾಡಿ ಹತ್ತುವಂತಿಲ್ಲ. ಮಗು ಅತ್ತರೆ, ಕೈಕಾಲು ಬಡಿದರೆ, ಸಿಂಹಕ್ಕೆ ಅದು ಗಾಯಗೊಂಡ ಮರಿಯ ಸದ್ದು.

ನಂದಿತಾಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ಓ, ಹಾಗಾ? ಆಂಟಿ, ಇವತ್ತೊಂದಿನ ನೀವು ಧ್ರುವ್ ಜೊತೆ ಇರಿ. ನಾಳೆ ನೋಡೋಣ."

ನಾಳೆ ಬೆಳಿಗ್ಗೆ ನೋಡಿದರು, ಅದೇ ಮಾತು. ಸಂಜೆಗೂ ಅದೇ. ಅದರ ಮರುದಿನ ಎರಡು ಹೊತ್ತೂ ಅದೇ. ಬಿಸಿಲಿಳಿದ ಮೇಲೆ ಅತುಲ್ ಕ್ಯಾಮೆರಾ ತಂದು ಆನೆ ತೋರಿಸಿದ, ಜಿರಾಫೆ ತೋರಿಸಿದ, ಘೇಂಡಾಮೃಗದ ಹಿಂಭಾಗ ತೋರಿಸಿದ. ಸಿಂಹ ಮಾತ್ರ ಅವರಿಗೂ ಸಿಕ್ಕಿರಲಿಲ್ಲ. ನಿಂಗಮ್ಮ ಲಾಡ್ಜಿನ ಜಗಲಿಯಲ್ಲಿ ಧ್ರುವ್‌ಗೆ ಮೊಸರನ್ನ ತಿನ್ನಿಸುತ್ತ, ತಟ್ಟೆಗೆ ಕೈಹಾಕಲು ಬಂದ ಮಂಗವನ್ನು ಚಪ್ಪಲಿ ತೋರಿಸಿ ಓಡಿಸುತ್ತ ಕಾಲ ಕಳೆದಳು. ಗಾಡಿಯಲ್ಲಿ ಅವಳ ಸೀಟಿನ ಮೇಲೆ ಅತುಲನ ಕ್ಯಾಮೆರಾ ಚೀಲ ಸಫಾರಿ ಮಾಡಿತು. ಐದು ಸಲ.

ಅದು ಅವಳದೇ ಸೀಟು ಎಂದು ಗೊತ್ತಾದದ್ದು ಐದನೆಯ ಡ್ರೈವ್ ಮುಗಿಸಿ ಬಂದ ನೊಮ್ಸಾಳಿಂದ. ಗಾಡಿ ಒರೆಸುತ್ತಾ ಅವಳೇ ಕೇಳಿದಳು. ನಿಂಗಮ್ಮನ ಇಂಗ್ಲಿಷು ಕಾರ್ಟೂನಿನಲ್ಲಿ ಕಲಿತದ್ದು, ಆದರೆ ಗಟ್ಟಿ.

"ಅಮ್ಮಾ, ನಿಮಗೆ ಪ್ರಾಣಿ ಇಷ್ಟವಿಲ್ಲವೇ? ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ದಿನಾ ನಿಮ್ಮ ಸೀಟು ಖಾಲಿ."

"ಕೂಸಿಗೆ ಬಿಡಂಗಿಲ್ಲ ಅಂದ್ರಲ್ಲ?"

"ಅದನ್ನು ಮಾರ್ಚ್‌ನಲ್ಲೇ ಬರೆದು ತಿಳಿಸಿದ್ದೆವು. ಪರವಾಗಿಲ್ಲ, ಹೆಂಗಸು ಮಗುವಿನ ಜೊತೆ ಇರುತ್ತಾಳೆ ಎಂದು ಅವರು ಉತ್ತರ ಕಳಿಸಿದ್ದರು."

ಮಾರ್ಚ್. ಚಹಾ ಕೊಟ್ಟು ಕೂರಿಸಿದ್ದಕ್ಕೂ ಮೊದಲು.

ನಿಂಗಮ್ಮ ಅಳಲಿಲ್ಲ. ಅಳುವವರನ್ನು ಸಮಾಧಾನ ಮಾಡುವುದೇ ಅವಳ ಉದ್ಯೋಗ, ತಾನು ಅಳುವ ಅಭ್ಯಾಸ ತಪ್ಪಿಹೋಗಿದೆ. ಕೇಳಿದ್ದು ಒಂದೇ ಮಾತು: "ನಾಳೆ ಎಷ್ಟಕ್ಕ ಗಾಡಿ ಬಿಡತೀ?"

"ಆರಕ್ಕೆ. ಅದೇ ಕಡೆಯದು."

ಬೆಳಿಗ್ಗೆ ಐದೂವರೆಗೆ ನಿಂಗಮ್ಮ ನಿದ್ದೆಯಲ್ಲಿದ್ದ ಧ್ರುವ್‌ನನ್ನು ಎತ್ತಿಕೊಂಡು ಹೋಗಿ ಅಪ್ಪ ಅಮ್ಮನ ರೂಮಿನ ಬಾಗಿಲು ತಟ್ಟಿದಳು. ಅತುಲ್ ತೆರೆದ. "ಹಿಡೀರಿ," ಎಂದು ಅವನ ಹೆಗಲಿಗೆ ಮಗು ಒರಗಿಸಿದಳು. ನೆಟ್ಟಗೆ ಗಾಡಿಗೆ ಬಂದು, ನಡುವಿನ ಸಾಲಿನಲ್ಲಿ ತನ್ನ ಸೀಟಿನಲ್ಲಿ ಕೂತಳು. ಹುಡ್ಡಿಯ ಮೇಲೆ ಸ್ವೆಟರು, ಅದರ ಮೇಲೆ ಲಾಡ್ಜಿನ ಎರಡು ಕಂಬಳಿ. ಎದುರಿನ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದಳು.

ನಂದಿತಾ ಓಡಿ ಬಂದಳು. "ಆಂಟಿ! ಏನಿದು? ಇಳೀರಿ. ಧ್ರುವ್ ಏಳ್ತಾನೆ."

"ಏಳಲಿ. ಅವರಪ್ಪನ ಕೈಯಾಗ ಅದಾನ."

"ಆಂಟಿ ಪ್ಲೀಸ್, ಇದು ಲಾಸ್ಟ್ ಡ್ರೈವ್. ನಾವಿನ್ನೂ ಲಯನ್ ನೋಡಿಲ್ಲ."

"ನಾನೂ ನೋಡಿಲ್ಲವಾ. ನಿನಗ ಐದು ಆದವು. ನನಗ ಇದು ಒಂದನೇದು."

"ಸೀನ್ ಕ್ರಿಯೇಟ್ ಮಾಡ್ಬೇಡಿ, ಎಲ್ಲಾ ನೋಡ್ತಿದಾರೆ."

"ನೋಡಲಿ. ನಾ ಇಳಿಯಂಗಿಲ್ಲ."

ಹಿಂದಿನ ಸಾಲಿನಲ್ಲಿ ಇಬ್ಬರು ಜರ್ಮನ್ ಮುದುಕರು, ಗಂಡ ಹೆಂಡತಿ. ಮುದುಕಿ ಮುಂದಕ್ಕೆ ಬಾಗಿ ತನ್ನ ಬಿಸಿನೀರಿನ ಚೀಲವನ್ನು ನಿಂಗಮ್ಮನ ತೊಡೆಯ ಮೇಲಿಟ್ಟಳು. ನೊಮ್ಸಾ ಗಡಿಯಾರ ನೋಡಿಕೊಂಡು, ಎರಡು ನಿಮಿಷಕ್ಕೆ ಹೊರಡುತ್ತೇನೆ, ಸಿಂಹ ಯಾರಿಗೂ ಕಾಯುವುದಿಲ್ಲ ಎಂದಳು. ನಂದಿತಾ, ಧ್ರುವ್‌ನನ್ನು ಹೊತ್ತು ಬಂದ ಅತುಲ್, ಇಬ್ಬರೂ ಮೆಟ್ಟಿಲ ಮೇಲೆ ಗುಸುಗುಸು ಜಗಳಕ್ಕೆ ನಿಂತರು.

"ನೀನಿರು ಅತುಲ್."

"ಲೆನ್ಸ್ ರೆಂಟ್‌ಗೆ ತಂದಿದೀನಿ ಕಣೇ!"

"ಡೈಪರ್ ಚೇಂಜ್ ಮಾಡೋಕೆ ಲೆನ್ಸ್ ಬೇಡ."

ಅಷ್ಟರಲ್ಲಿ ಧ್ರುವ್ ಕಣ್ಣುಬಿಟ್ಟು "ಐ ವಾಂಟ್ ಪ್ಯಾನ್‌ಕೇಕ್!" ಎಂದು ಕಿರುಚಿದ. ನಂದಿತಾ ಆ ಸಂದಿನಲ್ಲಿ ಗಾಡಿಗೆ ಹಾರಿ ನಿಂಗಮ್ಮನ ಪಕ್ಕ ಕೂತಳು. ಲೆನ್ಸು ಹೊತ್ತವನು ಮಗುವನ್ನೂ ಹೊತ್ತು ಅಲ್ಲೇ ನಿಂತ. ಗಾಡಿ ಹೊರಟಿತು.

ಇಲ್ಲಿಂದ ಮುಂದೆ ಹೇಳುವಾಗ ನಿಂಗಮ್ಮ ಬೆಂಚಿನ ಮೇಲೆ ಕೂರುವುದಿಲ್ಲ, ಎದ್ದು ನಿಲ್ಲುತ್ತಾಳೆ. ಗಾಳಿ ಕೆನ್ನೆಗೆ ಬ್ಲೇಡಿನಂತೆ. ಪೂರ್ವ ಕೆಂಪಗಾಗುತ್ತಿತ್ತು. ದಾರಿಗೆ ಅಡ್ಡವಾಗಿ ಕಾಡುಹಂದಿಯ ಸಂಸಾರ ಬಾಲವನ್ನು ಆಂಟೆನಾದಂತೆ ನೆಟ್ಟಗೆ ಮಾಡಿಕೊಂಡು ಓಡಿತು, ನಿಂಗಮ್ಮ ಕೇಕೆ ಹಾಕಿ ನಕ್ಕಳು, ನೊಮ್ಸಾ ತುಟಿಗೆ ಬೆರಳಿಟ್ಟಳು. ಮುಂದಿನ ಕುರ್ಚಿಯ ಮುದುಕ ಕೈ ಎತ್ತಿದ. ಮರಳಿನಲ್ಲಿ ತಟ್ಟೆಯಗಲದ ಹೆಜ್ಜೆಗಳು, ಅಂಚು ಇನ್ನೂ ಉದುರಿಲ್ಲ, ಈಗಷ್ಟೇ ಬಿದ್ದವು. ಸಿಂಹ! ಗಾಡಿ ಹಳ್ಳಕ್ಕಿಳಿದು, ಪೊದೆ ಮುರಿದು, ಎಲ್ಲರ ಸೊಂಟ ಎತ್ತಿ ಒಗೆಯುತ್ತ ನುಗ್ಗಿತು. ಕಲ್ಲುನೆಲ ಬಂತು. ಹೆಜ್ಜೆ ಮಾಯ.

ಮುದುಕ ಕೆಳಗಿಳಿದು ಸುತ್ತಿ ಬಂದ. ಇಲ್ಲ. ನೊಮ್ಸಾ ಎಡಕ್ಕೆ ಹೋಗೋಣ ಎಂದಳು.

ನಿಂಗಮ್ಮ ಬಲಕ್ಕೆ ನೋಡುತ್ತಿದ್ದಳು. ದೂರದಲ್ಲಿ ಜಿಂಕೆಯ ಹಿಂಡು. ಮೇಯುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಒಂದೂ ಕಿವಿ ಅಲ್ಲಾಡಿಸದೆ ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು.

"ಅಲ್ಲಿ," ಎಂದಳು ನಿಂಗಮ್ಮ. "ಅವು ನೋಡಾಕತ್ತಾವಲ್ಲ, ಅಲ್ಲಿ ಹೋಗ್ರಿ. ಮಕ್ಕಳು ಎಲ್ಲಾ ಕೂಡಿ ಸುಮ್ಮಕಾದ್ರ ಏನೋ ಆಗೇತಿ ಅಂತನಽ ಅರ್ಥ. ಇಪ್ಪತ್ತು ವರ್ಷ ನೋಡೀನಿ."

ಆತುರಕ್ಕೆ ಅವಳ ಬಾಯಿಗೆ ಬಂದದ್ದು ಕನ್ನಡ, ನಂದಿತಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು. ಮುದುಕ ಜಿಂಕೆಗಳನ್ನು ನೋಡಿದ, ನಿಂಗಮ್ಮನನ್ನು ನೋಡಿದ, ಹಲ್ಲುಬಿಟ್ಟ. ಗಾಡಿ ಬಲಕ್ಕೆ ತಿರುಗಿತು.

ಹುಲ್ಲು ಎದ್ದು ನಿಂತಿತು! ಹಾಗೇ ಹೇಳುತ್ತಾಳೆ ನಿಂಗಮ್ಮ. ಹುಲ್ಲು ಎಂದುಕೊಂಡದ್ದಕ್ಕೆ ಕಿವಿ ಬಂತು, ಭುಜ ಬಂತು. ಒಂದು, ಎರಡು, ಐದು, ಒಂಬತ್ತು. ಸಾಲು ಹಿಡಿದು ಗಾಡಿಯ ಕಡೆಗೇ ಬಂದವು. ನೊಮ್ಸಾ ಎಂಜಿನ್ ನಿಲ್ಲಿಸಿದಳು. ಯಾರೂ ಎದ್ದು ನಿಲ್ಲಬೇಡಿ ಎಂದು ಪಿಸುಗುಟ್ಟಿದಳು. ಕೊನೆಯಲ್ಲಿ ಗಂಡು, ಕಪ್ಪು ಕೇಸರ, ಮೂಗಿನ ಮೇಲೆ ಹಳೆಯ ಗಾಯ. ನಿಂಗಮ್ಮನ ಕಡೆಯ ಚಕ್ರದ ಪಕ್ಕಕ್ಕೇ ಬಂದು ನಿಂತಿತು. ಕೈ ಚಾಚಿದರೆ ಬೆನ್ನು. ಹಸಿ ಚರ್ಮದ, ಉಚ್ಚೆಯ ನಾತ. ಮೂಗಿನಿಂದ ಹೊಗೆ. ಆಮೇಲೆ ಅದು ತಲೆ ತಗ್ಗಿಸಿ ಗರ್ಜಿಸಿತು.

"ಗರ್‌ರ್ ಅನ್ನಂಗಿಲ್ರೀ ಅದು!" ನಿಂಗಮ್ಮ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಾಳೆ. "ಬಾಯಾಗಿಂದ ಬರೂದಽ ಅಲ್ಲ. ಹೊಟ್ಟಿ ಒಳಗಿಂದ, ಭಾವಿ ತಳದಿಂದ ಬಂದಂಗ. ಆಂವ್... ಹ್ಹಾಂವ್... ಹ್ಹೂಂ... ಹ್ಹೂಂ... ನಾ ಹಿಡಿದ ಸರಳು ನಡಗತು. ನನ್ನ ಎದಿಗೂಡು ನಡಗತು. ಹನ್ನೊಂದು ಕೂಸಿಗೆ ನಾ ತಪ್ಪು ಹೇಳಿಕೊಟ್ಟೀನಿ!"

ನಂದಿತಾ ಕಣ್ಣು ಮುಚ್ಚಿ ನಿಂಗಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಸಿಂಹ ದಾಟಿ ಹೋಯಿತು. ಕೈ ಬಿಟ್ಟಳು. ಸಂಬಳ ಹಿಡಿದದ್ದನ್ನು ಮಾತ್ರ ಬಿಡಲಿಲ್ಲ.

ಹಿಂದೆ, ಮರದ ಬುಡದಲ್ಲಿ ಒಂದು ಹೆಣ್ಣು ಸಿಂಹ ಉಳಿದಿತ್ತು. ಸುತ್ತ ಏಳು ಮರಿ. ಒಂದು ಬಾಲ ಕಚ್ಚುತ್ತಿತ್ತು, ಇನ್ನೊಂದು ತಲೆಯ ಮೇಲೆ ಹತ್ತುತ್ತಿತ್ತು. ಎಲ್ಲವೂ ಅದರ ಮರಿಗಳಲ್ಲ, ಉಳಿದವರು ಬೇಟೆಗೆ ಹೋದಾಗ ಒಬ್ಬಳು ಕಾಯುತ್ತಾಳೆ ಎಂದಳು ನೊಮ್ಸಾ. ನಿಂಗಮ್ಮ ತಡಮಾಡದೆ ಕೇಳಿದಳು.

"ಅಕಿಗೆ ಪಾಲು ಕೊಡತಾರೇನು?"

ನೊಮ್ಸಾ ಮೊದಲ ಸಲ ನಕ್ಕಳು. "ಕೊಡದಿದ್ದರೆ ಹೊಡೆದು ಕಿತ್ತುಕೊಂಡು ತಿನ್ನುತ್ತಾಳೆ."

"ಹಂಗಽ ಆಗಬೇಕು," ಎಂದಳು ನಿಂಗಮ್ಮ. ಕನ್ನಡದಲ್ಲೇ ಹೇಳಿದಳು. ಈ ಸಲ ನಂದಿತಾ ಅನುವಾದ ಮಾಡಲಿಲ್ಲ.

ಪಾರ್ಸಿಪನಿಗೆ ವಾಪಸು ಬಂದ ಸೋಮವಾರ ನಿಂಗಮ್ಮ ಆ ವಾರದ ಸಂಬಳ ಕೇಳಿದಳು. "ಲಯನ್ ನೋಡಿದ್ರಲ್ಲ ಆಂಟಿ, ಮತ್ತೆ?" ಎಂದಳು ನಂದಿತಾ. ಬಾಕಿ ಸಂಬಳದ ಲೆಕ್ಕ ಹಾಕಿ ನಾನು ಬರೆದುಕೊಟ್ಟ ಕಾಗದವನ್ನು ನಿಂಗಮ್ಮ ಮೇಜಿನ ಮೇಲಿಟ್ಟಳು. ಶುಕ್ರವಾರ ಫೋನಿಗೆ ಮೆಸೇಜ್ ಬಂತು: ಧ್ರುವ್‌ನನ್ನು ಡೇಕೇರಿಗೆ ಹಾಕುತ್ತಿದ್ದೇವೆ, ಥ್ಯಾಂಕ್ಯೂ ಫಾರ್ ಎವೆರಿಥಿಂಗ್, ಕೊನೆಗೊಂದು ಹೃದಯದ ಚಿತ್ರ. ಎರಡೇ ವಾರದಲ್ಲಿ ನಿಂಗಮ್ಮನಿಗೆ ಬೇರೆ ಮನೆ ಸಿಕ್ಕಿತು, ಅವಳನ್ನು ಬಿಡುವವರು ಯಾರು? ಈಗ ಕೆಲಸಕ್ಕೆ ಸೇರುವ ಮೊದಲೇ ರಜೆಯ ವಾರದ್ದೂ ಸೇರಿಸಿ ಬರೆಸಿಕೊಳ್ಳುತ್ತಾಳೆ. ತಾರಿಣಿಯೂ ಬರೆಸಿಕೊಂಡಿದ್ದಾಳೆ.

ಪಾರ್ಕಿನಲ್ಲಿ ಹೊಸ ಸಿಂಹ ಹುಟ್ಟಿದೆ. ಮಧ್ಯಾಹ್ನ ಬಂದರೆ ಕೇಳಿಸುತ್ತದೆ. ನಾಲ್ಕು ಮಕ್ಕಳು ಮರಳಿನಲ್ಲಿ ಮೊಣಕಾಲೂರಿ, ಹೊಟ್ಟೆ ಒಳಕ್ಕೆ ಎಳೆದುಕೊಂಡು, "ಹ್ಹೂಂ... ಹ್ಹೂಂ..." ಎನ್ನುತ್ತವೆ. ನಾಯಿ ವಾಕಿಂಗಿಗೆ ತಂದವರು ಬೆಚ್ಚುತ್ತಾರೆ. ನಾಯಿಗಳಂತೂ ಬಾಲ ಮುದುರುತ್ತವೆ.

ಇದನ್ನು ಓದಿ ನಂದಿತಾಳನ್ನು ಬೈದು ಪುಟ ತಿರುವಬೇಡಿ. ಹೋದ ಬೇಸಿಗೆಯಲ್ಲಿ ನೀವು ಫ್ಲಾರಿಡಾಕ್ಕೋ ಕ್ರೂಸಿಗೋ ಹೋದಾಗ ನಿಮ್ಮ ಮಗುವನ್ನು ಎತ್ತಿಕೊಂಡು ಹಿಂದೆ ಬಂದವಳೊಬ್ಬಳಿದ್ದಳಲ್ಲ, ಅವಳಿಗೆ ಆ ವಾರದ ಸಂಬಳ ಕೊಟ್ಟಿರಾ? ಕೊಟ್ಟಿಲ್ಲವಾದರೆ ಎದ್ದು ಹೋಗಿ ಕೊಟ್ಟು ಬನ್ನಿ. ಆಂಟಿ ಎಂದು ಆಮೇಲೆ ಕರೆಯಿರಿ.